ಒಂದು ಪದ ಸಾಲದಾಗ

ಹುಡುಕುವವರಿಗೆ ತೋಚುವ ಪದ ಬೇರೆ, ಬರೆದವರು ಬಳಸಿದ ಪದ ಬೇರೆ ಆದಾಗ ಬೇಕಾದ ಬರಹ ಇದ್ದೂ ಸಿಗುವುದಿಲ್ಲ. ಈ ತೊಡಕಿಗೆ ಕಂಡುಕೊಂಡ ಹಳೆಯ ಉಪಾಯವೆಂದರೆ, ಕೇಳಿದ ಪದದ ಜೊತೆಗೆ ಅದಕ್ಕೆ ಸಂಬಂಧಪಟ್ಟ ಇತರ ಪದಗಳನ್ನೂ ಸೇರಿಸಿ ಹುಡುಕುವುದು. ಇದು ಹುಡುಕುಪದದ ವಿಸ್ತರಣೆ. ಗ್ರಂಥಪಾಲಕರು ಇದನ್ನು ಕಂಪ್ಯೂಟರ್ ಬರುವ ಮೊದಲೇ ಮಾಡುತ್ತಿದ್ದರು. ಈಗ ಸರ್ಚ್ ಎಂಜಿನ್‌ಗಳು ಕೇಳುವವರ ಗಮನಕ್ಕೆ ಬಾರದಂತೆ ಮಾಡುತ್ತವೆ. ಎಷ್ಟು ಪದ ಸೇರಿಸಿದರು ಎಂಬುದಕ್ಕಿಂತ ಯಾವುದನ್ನು ಸೇರಿಸಿದರು, ಯಾವುದನ್ನು ಬಿಟ್ಟರು ಎಂಬುದೇ ಇದರಲ್ಲಿ ಮುಖ್ಯ. ಕನ್ನಡದಲ್ಲಂತೂ ಈ ಕೆಲಸ ಸಮಾನಾರ್ಥಕ ಪದಗಳಿಗಿಂತ ಮೊದಲು ಪದರೂಪಗಳಿಂದ ಆರಂಭವಾಗಬೇಕು.

ಹುಡುಕು ಯಂತ್ರ ಕೇಳಿದಾಗಲೆಲ್ಲ ಬರಹಗಳನ್ನು ಓದುತ್ತಾ ಕೂರುವುದಿಲ್ಲ. ಪುಸ್ತಕದ ಕೊನೆಯ ಪದಸೂಚಿಯಲ್ಲಿರುವಂತೆ, ಪ್ರತಿ ಪದದ ಮುಂದೆ ಅದು ಬರುವ ದಾಖಲೆಗಳ ಪಟ್ಟಿಯನ್ನು ಮೊದಲೇ ಸಿದ್ಧಮಾಡಿ ಇಟ್ಟುಕೊಂಡಿರುತ್ತದೆ. ಕೇಳಿದ ಪದದ ಪಟ್ಟಿಯನ್ನು ತೆಗೆದು ಮುಂದಿಡುವುದು ಅದರ ಮೂಲ ಕೆಲಸ. ಅಲ್ಲಿ ಹೋಲಿಕೆ ನಡೆಯುವುದು ಅಕ್ಷರಗಳ ನಡುವೆ, ಅರ್ಥಗಳ ನಡುವೆ ಅಲ್ಲ. ‘ಅಡಿಕೆ’ ಎಂದು ಕೇಳಿದವರಿಗೆ ‘ಅಡಕೆ’ ಎಂದು ಬರೆದ ಲೇಖನ ಸಿಗದೆ ಹೋಗುವುದು ಇದರಿಂದಲೇ.

ಇಬ್ಬರು ಒಂದೇ ವಸ್ತುವಿಗೆ ಒಂದೇ ಹೆಸರು ಹೇಳುವುದು ಎಷ್ಟು ಅಪರೂಪ ಎಂಬುದನ್ನು ಅಮೆರಿಕದ ನಾಲ್ವರು ಸಂಶೋಧಕರು, ಫರ್ನಾಸ್, ಲ್ಯಾಂಡೌರ್, ಗೋಮೆಜ್ ಮತ್ತು ಡ್ಯೂಮೆ, 1987ರಲ್ಲಿ ಪ್ರಕಟಿಸಿದರು. ಹಲವು ಕ್ಷೇತ್ರಗಳಲ್ಲಿ ಪರೀಕ್ಷೆ ಮಾಡಿದಾಗ, ಇಬ್ಬರು ತಾವಾಗಿಯೇ ಒಂದೇ ಪದವನ್ನು ಆರಿಸುವ ಸಂಭವ ಶೇ. 20ಕ್ಕಿಂತ ಕಡಿಮೆ ಎಂದು ಕಂಡುಬಂತು. ಒಂದು ವಸ್ತುವಿಗೆ ಒಂದೇ ‘ಸರಿಯಾದ’ ಹೆಸರನ್ನು ಗೊತ್ತುಮಾಡುವ ಬದಲು, ಜನ ಕರೆಯುವ ಎಲ್ಲ ಹೆಸರುಗಳನ್ನೂ ಒಪ್ಪಿಕೊಳ್ಳಬೇಕು ಎಂಬುದು ಅವರ ಸಲಹೆ.

ಇದಕ್ಕೂ ಎರಡು ವರ್ಷ ಮೊದಲು, 1985ರಲ್ಲಿ, ಬ್ಲೇರ್ ಮತ್ತು ಮ್ಯಾರನ್ ಪ್ರಕಟಿಸಿದ ಅಧ್ಯಯನ ಇನ್ನೂ ಕಣ್ಣು ತೆರೆಸುವಂಥದು. ದೊಡ್ಡದೊಂದು ಮೊಕದ್ದಮೆಗೆ ಸಂಬಂಧಿಸಿದ ಸುಮಾರು 40,000 ದಾಖಲೆಗಳು, ಅಂದರೆ ಹತ್ತಿರಹತ್ತಿರ 3,50,000 ಪುಟಗಳು ಕಂಪ್ಯೂಟರಿನಲ್ಲಿದ್ದವು. ಪ್ರಕರಣದ ಒಳಹೊರಗು ಬಲ್ಲ ವಕೀಲರೇ ತಮಗೆ ಬೇಕಾದದ್ದನ್ನು ಹುಡುಕಿಸಿದರು. ಸಂಬಂಧಪಟ್ಟ ದಾಖಲೆಗಳಲ್ಲಿ ಮುಕ್ಕಾಲು ಪಾಲಾದರೂ ಕೈಗೆ ಬಂದಿವೆ ಎಂಬ ಭರವಸೆ ಅವರಿಗಿತ್ತು. ಲೆಕ್ಕ ಹಾಕಿ ನೋಡಿದರೆ ಬಂದದ್ದು ಸರಾಸರಿ ಐದರಲ್ಲೊಂದು ಪಾಲು. ಅವರು ‘ಅಪಘಾತ’ ಎಂದು ಕೇಳಿದ್ದರು. ಆದರೆ ಆ ಘಟನೆಯಲ್ಲಿ ತಮ್ಮ ಕೈಯೂ ಇದ್ದವರು ಪತ್ರಗಳಲ್ಲಿ ಅದನ್ನು ಅಪಘಾತ ಎಂದು ಬರೆದಿರಲಿಲ್ಲ. ಒಬ್ಬರಿಗೆ ಅದು ‘ದುರದೃಷ್ಟಕರ ಸನ್ನಿವೇಶ’, ಇನ್ನೊಬ್ಬರಿಗೆ ‘ತೊಂದರೆ’. ಕೆಲವರು ‘ನಿಮ್ಮ ಹಿಂದಿನ ಪತ್ರದ ವಿಷಯ’ ಎಂದಷ್ಟೇ ಬರೆದು ಮುಗಿಸಿದ್ದರು.

ಈ ಅಧ್ಯಯನದ ಇನ್ನೊಂದು ಅಂಶವನ್ನೂ ಗಮನಿಸಬೇಕು. ವಕೀಲರ ಕೈಗೆ ಬಂದ ದಾಖಲೆಗಳಲ್ಲಿ ಬಹುಪಾಲು ಬೇಕಾದವೇ ಆಗಿದ್ದವು. ಬಂದದ್ದು ಬಹುಮಟ್ಟಿಗೆ ಸರಿಯಾಗಿದ್ದರಿಂದ ಬಾರದೆ ಉಳಿದದ್ದರ ಬಗ್ಗೆ ಅನುಮಾನವೇ ಹುಟ್ಟಲಿಲ್ಲ. ಹುಡುಕಾಟವನ್ನು ಎರಡು ಅಳತೆಗಳಿಂದ ಅಳೆಯುವುದು ಇದಕ್ಕಾಗಿಯೇ. ಬಂದದ್ದರಲ್ಲಿ ಎಷ್ಟು ಬೇಕಾದದ್ದು ಎಂಬುದು ನಿಖರತೆ. ಬೇಕಾದದ್ದರಲ್ಲಿ ಎಷ್ಟು ಬಂತು ಎಂಬುದು ಪೂರ್ಣತೆ. ನಿಖರತೆ ಕಣ್ಣಿಗೆ ಕಾಣುತ್ತದೆ, ಪೂರ್ಣತೆ ಕಾಣುವುದಿಲ್ಲ. ವಿಸ್ತರಣೆಯ ಮೊದಲ ಗುರಿ ಈ ಕಾಣದ ಕೊರತೆಯನ್ನು ತುಂಬುವುದು. ಒಂದನ್ನು ಹೆಚ್ಚಿಸಲು ಹೋದರೆ ಸಾಮಾನ್ಯವಾಗಿ ಇನ್ನೊಂದು ತಗ್ಗುತ್ತದೆ. ಅದನ್ನು ಆದಷ್ಟು ತಗ್ಗದಂತೆ ನೋಡಿಕೊಳ್ಳುವುದೇ ಈ ವಿದ್ಯೆಯ ಕಷ್ಟದ ಭಾಗ.

ಗ್ರಂಥಾಲಯಗಳು ಇದಕ್ಕೆ ಹೂಡಿದ ಉಪಾಯ ಪದಗಳನ್ನು ಕಟ್ಟಿನಲ್ಲಿಡುವುದು. ಒಂದು ವಿಷಯಕ್ಕೆ ಒಂದು ಶೀರ್ಷಿಕೆಯನ್ನು ಗೊತ್ತುಮಾಡಿ, ಉಳಿದ ಹೆಸರುಗಳಿಂದ ಅದಕ್ಕೆ ‘ನೋಡಿ’ ಎಂಬ ಸೂಚನೆ ಕೊಡುವುದು, ಹತ್ತಿರದ ವಿಷಯಗಳಿಗೆ ‘ಇದನ್ನೂ ನೋಡಿ’ ಎನ್ನುವುದು. ಎಸ್. ಆರ್. ರಂಗನಾಥನ್ ರೂಪಿಸಿದ ಸರಪಳಿ ಸೂಚೀಕರಣದಲ್ಲಿ, ವರ್ಗೀಕರಣದ ಮೆಟ್ಟಿಲುಗಳನ್ನೇ ಒಂದೊಂದಾಗಿ ಹಿಡಿದು ಸೂಚಿಯ ನಮೂದುಗಳನ್ನು ಪಡೆಯುವ ಕ್ರಮವಿದೆ. ಕೆಳಗಿನ ಮೆಟ್ಟಿಲಿನಿಂದ ಬಂದವರಿಗೂ ಮೇಲಿನಿಂದ ಬಂದವರಿಗೂ ಪುಸ್ತಕ ಸಿಗಲೆಂಬುದು ಅದರ ಉದ್ದೇಶ. ಅವರು 1962ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಈ ಬಗೆಯ ಚಿಂತನೆಯನ್ನು ಮುಂದುವರಿಸಿತು.

ಕಟ್ಟಿನಲ್ಲಿಟ್ಟ ಪದಾವಳಿಯ ದೊಡ್ಡ ಉದಾಹರಣೆ ವೈದ್ಯಕೀಯದ್ದು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಿಂದ ನಡೆಸಿಕೊಂಡು ಬಂದಿರುವ ‘ಮೆಶ್’ ಎಂಬ ಪದಾವಳಿಯಲ್ಲಿ ರೋಗ, ಅಂಗ, ಔಷಧಗಳೆಲ್ಲ ಮೇಲು-ಕೆಳಗಿನ ಶ್ರೇಣಿಗಳಲ್ಲಿ ಜೋಡಣೆಯಾಗಿವೆ. ಅದೇ ಗ್ರಂಥಾಲಯದ ‘ಪಬ್‌ಮೆಡ್’ ಎಂಬ ಹುಡುಕುತಾಣದಲ್ಲಿ ‘ಹಾರ್ಟ್ ಅಟ್ಯಾಕ್’ ಎಂದು ಟೈಪಿಸಿದರೆ ಯಂತ್ರ ತಾನಾಗಿಯೇ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂಬ ಶೀರ್ಷಿಕೆಯನ್ನೂ ಸೇರಿಸಿ ಹುಡುಕುತ್ತದೆ. ಆ ಶೀರ್ಷಿಕೆಯ ಕೆಳಗಿನ ಒಳವಿಷಯಗಳನ್ನೂ ಬಿಡುವುದಿಲ್ಲ. ರೋಗಿಯ ಮಾತು ವೈದ್ಯರ ಮಾತಿಗೆ ತಲುಪುತ್ತದೆ. ಇದರ ಹಿಂದೆ ಪದಾವಳಿಯನ್ನು ವರ್ಷವರ್ಷವೂ ತಿದ್ದುವ ತಜ್ಞರ ದುಡಿಮೆಯಿದೆ, ಹಾಗಾಗಿ ಇದು ನಂಬಲರ್ಹ. ಅಷ್ಟು ದುಡಿಮೆ ಸಿಗದ ವಿಷಯಗಳಲ್ಲಿ, ಸಿಗದ ಭಾಷೆಗಳಲ್ಲಿ ಇಂಥ ಪದಾವಳಿ ಬೆಳೆಯುವುದು ಕಷ್ಟ.

ಸಿದ್ಧ ಪದಾವಳಿ ಇಲ್ಲದ ಕಡೆ ನಿಘಂಟನ್ನೇ ಬಳಸಬಹುದಲ್ಲವೇ ಎಂಬ ಯೋಚನೆ ಸಹಜ. ಒಂದೇ ಅರ್ಥದ ಪದಗಳನ್ನು ಒಟ್ಟಿಗೆ ಕಟ್ಟಿಡುವ ಪರಂಪರೆ ಭಾರತದಲ್ಲಿ ಬಹಳ ಹಳೆಯದು. ಅಮರಕೋಶ ಮೂರು ಕಾಂಡಗಳಲ್ಲಿ ಪದಗಳನ್ನು ಅಕಾರಾದಿಯಾಗಿ ಅಲ್ಲ, ವಿಷಯವರ್ಗಗಳಾಗಿ ಜೋಡಿಸಿದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಮಿಲ್ಲರ್ 1980ರ ದಶಕದಲ್ಲಿ ಆರಂಭಿಸಿದ ವರ್ಡ್‌ನೆಟ್ ಕೂಡ ಸಮಾನಾರ್ಥಕಗಳ ಗುಂಪುಗಳಿಂದಲೇ ಕಟ್ಟಿದ್ದು. ಭಾರತೀಯ ಭಾಷೆಗಳ ಇಂಡೋವರ್ಡ್‌ನೆಟ್‌ನಲ್ಲಿ ಕನ್ನಡವೂ ಸೇರಿದೆ. ಆದರೆ ಇಂಥ ಕೋಶದಿಂದ ಪದ ತೆಗೆದು ಸೇರಿಸಿದ ಮಾತ್ರಕ್ಕೆ ಹುಡುಕಾಟ ಸುಧಾರಿಸುತ್ತದೆ ಎಂಬ ನಿರೀಕ್ಷೆ ಪೂರ್ತಿ ಕೈಗೂಡಲಿಲ್ಲ. ಎಲೆನ್ ವೂರ್‌ಹೀಸ್ 1994ರಲ್ಲಿ ವರ್ಡ್‌ನೆಟ್‌ನಿಂದ ಪದಗಳನ್ನು ಸೇರಿಸಿ ನೋಡಿದಾಗ, ವಿವರವಾಗಿ ಬರೆದ ಪ್ರಶ್ನೆಗಳಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಸೇರಿಸಬೇಕಾದ ಅರ್ಥಗುಂಪುಗಳನ್ನು ಕೈಯಿಂದಲೇ ಆರಿಸಿದಾಗಲೂ ಹಾಗೆಯೇ ಆಯಿತು. ಚಿಕ್ಕ, ಅಪೂರ್ಣ ಪ್ರಶ್ನೆಗಳಿಗೆ ಮಾತ್ರ ಪ್ರಯೋಜನದ ಸೂಚನೆ ಕಂಡಿತು.

ಕಾರಣ ಸರಳ. ನಿಘಂಟಿಗೆ ಭಾಷೆಯೆಲ್ಲ ಗೊತ್ತು, ಆದರೆ ಈ ಹೊತ್ತು ಕೇಳುತ್ತಿರುವವರ ಸಂದರ್ಭ ಗೊತ್ತಿಲ್ಲ. ‘ಶುಗರ್’ ಎಂದು ಕೇಳಿದವರಿಗೆ ‘ಸಕ್ಕರೆ ಕಾಯಿಲೆ’, ‘ಮಧುಮೇಹ’, ‘ಡಯಾಬಿಟಿಸ್’ ಎಂಬ ಮೂರನ್ನೂ ಸೇರಿಸಿ ಕೊಟ್ಟರೆ ಉಪಕಾರ. ಬರೀ ‘ಸಕ್ಕರೆ’ ಎಂದು ಸೇರಿಸಿದರೆ ಮಂಡ್ಯದ ಕಾರ್ಖಾನೆಯ ಸುದ್ದಿ ಬಂದು ಕೂರುತ್ತದೆ.

ಸಂದರ್ಭವನ್ನು ದಾಖಲೆಗಳಿಂದಲೇ ಕಲಿಯುವ ದಾರಿಯನ್ನು ತೋರಿಸಿದವರು ಜೋಸೆಫ್ ರೊಕಿಯೊ. ಗೆರಾರ್ಡ್ ಸಾಲ್ಟನ್ ನಡೆಸುತ್ತಿದ್ದ ‘ಸ್ಮಾರ್ಟ್’ ಎಂಬ ಹುಡುಕಾಟ ಸಂಶೋಧನಾ ಯೋಜನೆಯಲ್ಲಿ ಮಾಡಿದ ಅವರ ಕೆಲಸ ಆ ಯೋಜನೆಯ ಬಗೆಗಿನ 1971ರ ಗ್ರಂಥದಲ್ಲಿ ಸೇರಿ ಪ್ರಸಿದ್ಧವಾಯಿತು. ಮೊದಲ ಸುತ್ತಿನಲ್ಲಿ ಬಂದದ್ದನ್ನು ನೋಡಿ ಹುಡುಕುವವರು ‘ಇದು ಬೇಕು, ಇದು ಬೇಡ’ ಎಂದು ಗುರುತು ಹಾಕುತ್ತಾರೆ. ಬೇಕೆಂದ ದಾಖಲೆಗಳಲ್ಲಿ ಮತ್ತೆ ಮತ್ತೆ ಬರುವ ಪದಗಳು ಪ್ರಶ್ನೆಗೆ ಸೇರುತ್ತವೆ, ಬೇಡವೆಂದವುಗಳ ಪದಗಳ ತೂಕ ಇಳಿಯುತ್ತದೆ. ಮೂಲ ಪ್ರಶ್ನೆಗೆ 1, ಬೇಕಾದವುಗಳಿಗೆ 0.75, ಬೇಡವಾದವುಗಳಿಗೆ 0.15 ಎಂಬ ತೂಕಗಳು ಪಠ್ಯಪುಸ್ತಕಗಳಲ್ಲಿ ರೂಢಿಗೆ ಬಂದಿವೆ. ಈ ಅಂಕಿಗಳಲ್ಲಿ ಒಂದು ವಿವೇಕವಿದೆ. ಸೇರಿಸಿದ್ದು ಎಷ್ಟೇ ಒಳ್ಳೆಯದಾಗಿರಲಿ, ಜನ ಬಾಯಿ ಬಿಟ್ಟು ಕೇಳಿದ ಪದಕ್ಕಿಂತ ಅದು ಮೇಲಾಗಬಾರದು.

ಗುರುತು ಹಾಕುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಹಾಗಾಗಿ ಯಂತ್ರವೇ ಮೊದಲ ಹತ್ತು ದಾಖಲೆಗಳು ಸರಿಯೆಂದು ಊಹಿಸಿಕೊಂಡು ಅವುಗಳಿಂದ ಪದಗಳನ್ನು ಆಯುವ ಕ್ರಮ ಬಂತು. ಮೊದಲ ಹತ್ತು ಸರಿಯಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಅವೇ ತಪ್ಪಾದರೆ ಎರಡನೆಯ ಸುತ್ತು ಇನ್ನಷ್ಟು ದೂರ ಹೋಗುತ್ತದೆ.

ಮಲೆನಾಡಿನ ಒಂದು ಹುಡುಕಾಟವನ್ನು ಹತ್ತಿರದಿಂದ ನೋಡಿದರೆ ಇದೆಲ್ಲ ಸ್ಪಷ್ಟವಾಗುತ್ತದೆ. ಮಳೆ ಹಿಡಿದು ಅಡಿಕೆಯ ಎಳೆಗಾಯಿ ಉದುರತೊಡಗಿದಾಗ ಬೆಳೆಗಾರರು ‘ಕೊಳೆರೋಗ’ ಎಂದು ಹುಡುಕುತ್ತಾರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗಲೂ ಕನ್ನಡದ ಹೆಸರನ್ನೇ ಉಳಿಸಿಕೊಂಡಿದ್ದರು. ಇದೇ ಹೆಸರು ಕಾಫಿಯ ಬೇರೊಂದು ರೋಗಕ್ಕೂ ಇದೆ. ಅಲ್ಲಿ ಕೊಳೆತು ಕಪ್ಪಾದ ಎಲೆಗಳು ಶಿಲೀಂಧ್ರದ ನೂಲಿನಿಂದ ರೆಂಬೆಗೆ ಜೋತುಬಿದ್ದಿರುತ್ತವೆ. ಆ ಶಿಲೀಂಧ್ರದ ಶಾಸ್ತ್ರೀಯ ಹೆಸರಿಗೇ ‘ಕೊಳೆರೋಗ’ ಸೇರಿಕೊಂಡಿತು. ಅಡಿಕೆಯ ಕೊಳೆಗೆ ಕಾರಣ ಫೈಟೊಫ್ಥೊರ ಎಂಬ ಬೇರೆಯೇ ಕುಲ. ಬರೀ ‘ಕೊಳೆರೋಗ’ ಎಂದು ಕೇಳಿ ಮೊದಲ ಹತ್ತರಲ್ಲಿ ಕಾಫಿಯ ಬರಹಗಳು ಬಂದವೆನ್ನಿ. ಯಂತ್ರ ಅವುಗಳಿಂದ ‘ಕಾಫಿ’, ‘ಎಲೆ’, ‘ರೆಂಬೆ’ಗಳನ್ನು ಆಯ್ದು ಸೇರಿಸಿ ಅಡಿಕೆಯನ್ನು ಮರೆತೇಬಿಡುತ್ತದೆ. ‘ಅಡಿಕೆ’ ಎಂಬ ಒಂದೇ ಪದ ಜೊತೆಗಿದ್ದಿದ್ದರೆ ಇದು ಆಗುತ್ತಿರಲಿಲ್ಲ.

ಈಗ ‘ಅಡಿಕೆ ಕೊಳೆರೋಗ’ ಎಂಬ ಪ್ರಶ್ನೆಗೆ ಏನೇನು ಸೇರಬೇಕು? ಮೊದಲು ಬರವಣಿಗೆಯ ರೂಪಗಳು. ಅಡಿಕೆ, ಅಡಕೆ, ಕೊಳೆರೋಗ, ಕೊಳೆ ರೋಗ. ಒಂದು ಖಾಲಿ ಜಾಗ ಬಿಟ್ಟರೆ ಯಂತ್ರಕ್ಕೆ ಒಂದು ಪದ ಎರಡಾಗುತ್ತದೆ. ಇನ್ನೂ ಆಳದಲ್ಲಿ ಒಂದು ಸಂಗತಿಯಿದೆ. ಯೂನಿಕೋಡ್‌ನಲ್ಲಿ ‘ಕೊ’ ಮತ್ತು ‘ರೋ’ಗಳ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಬಿಡಿ ತುಂಡುಗಳಾಗಿ ಜೋಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ; ಯಂತ್ರಕ್ಕೆ ಮಾತ್ರ ಎರಡು ಬೇರೆ ಪದಗಳು. ಇವನ್ನು ಒಂದೇ ರೂಪಕ್ಕೆ ತರುವ ನಿಯಮ ಯೂನಿಕೋಡ್‌ನಲ್ಲೇ ಇದೆ, ಅದನ್ನು ಪಾಲಿಸಿದರಾಯಿತು. ಯೂನಿಕೋಡ್‌ಗಿಂತ ಹಿಂದಿನ ಫಾಂಟ್‌ಗಳಲ್ಲಿ ಟೈಪಿಸಿದ ಹಳೆಯ ಕಡತಗಳನ್ನಂತೂ ಪರಿವರ್ತನೆ ಮಾಡದೆ ಹುಡುಕಲಾಗದು.

ಆಮೇಲೆ ವಿಭಕ್ತಿ. ಅಡಿಕೆಯ, ಅಡಿಕೆಗೆ, ಅಡಿಕೆಯನ್ನು, ಅಡಿಕೆಯಲ್ಲಿ. ರೋಗದ, ರೋಗಕ್ಕೆ, ರೋಗದಿಂದ. ಸಂಧಿಯಾದರೆ ರೋಗವೆಂದು, ರೋಗವಿದ್ದರೆ. ‘ಮಳೆಗಾಲ’ದಲ್ಲಿ ಕಾಲದ ಕಕಾರವೇ ಗಕಾರವಾಗಿದೆ. ಇಂಗ್ಲಿಷಿನಲ್ಲಿ ಒಂದು ನಾಮಪದಕ್ಕೆ ಬೆರಳೆಣಿಕೆಯ ರೂಪಗಳಾದರೆ ಕನ್ನಡದಲ್ಲಿ ಅದು ಹತ್ತಾರು ರೂಪಗಳಾಗಿ ಹಬ್ಬುತ್ತದೆ. ಇವನ್ನು ಸೇರಿಸದೆ ಸಮಾನಾರ್ಥಕಗಳ ಬೆನ್ನು ಹತ್ತುವುದು ವ್ಯರ್ಥ ಶ್ರಮ. ಕೇಳಿದ ಪದವೇ ಇನ್ನೂ ಪೂರ್ತಿ ಸಿಕ್ಕಿರುವುದಿಲ್ಲ. ಪ್ರತ್ಯಯವನ್ನು ಕುರುಡಾಗಿ ಕತ್ತರಿಸುವುದೂ ಆಗದು. ‘ಹೋಳಿಗೆ’ಯಿಂದ ‘ಗೆ’ ತೆಗೆದರೆ ಹಬ್ಬ ಉಳಿಯುತ್ತದೆ, ತಿಂಡಿ ಹೋಗುತ್ತದೆ. ‘ಹೋಳಿಗೆ ರಜೆ’ ಎಂಬಲ್ಲಿ ಹಾಗೆ ತೆಗೆಯುವುದೇ ಸರಿ, ‘ಹೋಳಿಗೆ ಹೂರಣ’ ಎಂಬಲ್ಲಿ ತಪ್ಪು. ಪಕ್ಕದ ಪದವನ್ನು ನೋಡದೆ ತೀರ್ಮಾನಿಸುವಂತಿಲ್ಲ.

ಮೂರನೆಯದು ಆಡುಮಾತು ಮತ್ತು ಕಸುಬಿನ ಮಾತು. ಕೊಳೆರೋಗದ ಬಗ್ಗೆ ಬರೆದವರೆಲ್ಲ ರೋಗದ ಹೆಸರು ಹೇಳಿರುವುದಿಲ್ಲ. ‘ಕಾಯಿ ಉದುರುವುದು’ ಎಂದು ಲಕ್ಷಣ ಬರೆದಿರುತ್ತಾರೆ, ಇಲ್ಲವೇ ಮದ್ದನ್ನು ಮಾತ್ರ ಹೇಳಿರುತ್ತಾರೆ. ಮದ್ದು ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿದರೆ ಶೇ. 1ರ ದ್ರಾವಣ. ಇದನ್ನು ‘ಬೋರ್ಡೊ’ ಎಂದೂ ‘ಬೋರ್ಡೋ’ ಎಂದೂ ಬರೆಯುತ್ತಾರೆ. ಆದುದರಿಂದ ‘ಮೈಲುತುತ್ತ’ ಈ ಪ್ರಶ್ನೆಗೆ ಸಮಾನಾರ್ಥಕವಲ್ಲದಿದ್ದರೂ ಬಹಳ ಒಳ್ಳೆಯ ಜೊತೆಪದ. ಯಾವ ನಿಘಂಟೂ ಇದನ್ನು ಕೊಳೆರೋಗದ ಪಕ್ಕದಲ್ಲಿ ಇಡುವುದಿಲ್ಲ; ಬರಹಗಳಲ್ಲಿ ಎರಡೂ ಒಟ್ಟಿಗೆ ಬರುವುದನ್ನು ನೋಡಿಯೇ ತಿಳಿಯಬೇಕು. ಗಡಿಯಾಚೆಯ ಕೇರಳದಲ್ಲಿ ಈ ರೋಗದ ಹೆಸರು ‘ಮಹಾಳಿ’. ಅದನ್ನು ಸೇರಿಸಿದರೆ ಅಲ್ಲಿನ ಅನುಭವವೂ ಕೈಗೆ ಬರುತ್ತದೆ.

ಸೇರಿಸಬಾರದ ಪದಗಳೂ ಇದೇ ತೋಟದಲ್ಲಿವೆ. ಮಳೆಗೆ ಮೊದಲು ಗೊನೆಗಳಿಗೆ ಹೊದಿಸುವ ಹಾಳೆಯ ಹೊದಿಕೆಗೆ ‘ಕೊಟ್ಟೆ’ ಎನ್ನುತ್ತಾರೆ. ಕೊಟ್ಟೆ ಕಟ್ಟುವುದು ಕೊಳೆ ತಡೆಯುವ ಹಳೆಯ ಕ್ರಮ. ಅರ್ಥದ ದೃಷ್ಟಿಯಿಂದ ಇದಕ್ಕಿಂತ ಹತ್ತಿರದ ಪದವಿಲ್ಲ. ಆದರೆ ‘ನಾನು ಕೊಟ್ಟೆ’ ಎಂಬ ಕ್ರಿಯಾಪದವೂ ಇದೇ ಅಕ್ಷರಗಳು, ಕೊಟ್ಟೆ ಕಡುಬೂ ಇದೇ. ಉತ್ತರ ಕನ್ನಡದಲ್ಲಿ ಗೊನೆಗೆ ‘ಕೊನೆ’ ಎನ್ನುತ್ತಾರೆ. ಅದನ್ನು ಸೇರಿಸಿದರೆ ಕೊನೆಯ ದಿನಾಂಕ, ಕೊನೆಯ ಅಧ್ಯಾಯಗಳೆಲ್ಲ ಬರುತ್ತವೆ. ಇಂಥವನ್ನು ಬಿಡಿಯಾಗಿ ಅಲ್ಲ, ‘ಕೊಟ್ಟೆ ಕಟ್ಟುವುದು’, ‘ಕೊನೆ ಕೊಯ್ಲು’ ಎಂಬ ಜೋಡಿಪದಗಳಾಗಿ ಸೇರಿಸಬೇಕು. ಎಲೆಚುಕ್ಕೆ ರೋಗವೂ ಅಡಿಕೆಯದೇ, ಈಚಿನ ವರ್ಷಗಳಲ್ಲಿ ಅದರ ಮಾತೇ ಹೆಚ್ಚು. ಆದರೂ ಅದು ಬೇರೆ ರೋಗ. ಹತ್ತಿರದ ವಿಷಯ ಅದೇ ವಿಷಯವಲ್ಲ ಎಂಬುದನ್ನು ಯಂತ್ರ ಸುಲಭವಾಗಿ ಕಲಿಯುವುದಿಲ್ಲ, ಮತ್ತು ಬೆಳೆಗಾರರಿಗೆ ನಷ್ಟವಾಗುವುದು ಇಂಥಲ್ಲೇ.

ಪದಗಳನ್ನು ಆರಿಸಿದ ಮೇಲೆ ಲೆಕ್ಕದ ಪ್ರಶ್ನೆ. ‘ಕೊಳೆರೋಗ’ಕ್ಕೆ ಒಂಬತ್ತು ಜೊತೆಪದ ಸೇರಿ, ‘ಅಡಿಕೆ’ಗೆ ಒಂದೂ ಸೇರದಿದ್ದರೆ, ಒಟ್ಟು ಅಂಕದಲ್ಲಿ ರೋಗದ ಕಡೆಯೇ ಭಾರವಾಗುತ್ತದೆ. ಆಲೂಗಡ್ಡೆಯ ರೋಗದ ಲೇಖನವೂ ಮೇಲೇರಬಹುದು. ಅದಕ್ಕಾಗಿ ಒಂದು ಪರಿಕಲ್ಪನೆಯ ಎಲ್ಲ ರೂಪಗಳನ್ನೂ ಒಂದು ಗುಂಪು ಮಾಡಿ, ಗುಂಪಿನಲ್ಲಿ ಯಾವುದು ಸಿಕ್ಕರೂ ಒಂದೇ ಪದ ಸಿಕ್ಕಂತೆ ಎಣಿಸುತ್ತಾರೆ. ಅರಿ ಪಿರ್ಕೊಲ 1998ರಲ್ಲಿ ಭಾಷೆಯಿಂದ ಭಾಷೆಗೆ ಹುಡುಕುವಾಗ ಹೀಗೆ ಗುಂಪು ಮಾಡುವುದರಿಂದ ದೊಡ್ಡ ಲಾಭವಿದೆಯೆಂದು ತೋರಿಸಿದರು. ಒಂದು ಪದಕ್ಕೆ ನಿಘಂಟು ಹಲವು ಅನುವಾದ ಕೊಟ್ಟಾಗ ಬರುವ ತೊಂದರೆಯೂ ಇದೇ. ವಿರಳ ಪದಕ್ಕೆ ಹೆಚ್ಚು ತೂಕ, ಎಲ್ಲೆಡೆ ಬರುವ ಪದಕ್ಕೆ ಕಡಿಮೆ ತೂಕ ಎಂಬ ನಿಯಮವನ್ನು ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಕೊಟ್ಟಿದ್ದರು. ಅದರ ಪ್ರಕಾರ ‘ಮೈಲುತುತ್ತ’ಕ್ಕೆ ಬರುವ ಬೆಲೆ ‘ರೋಗ’ಕ್ಕೆ ಬರುವುದಿಲ್ಲ. ಅರ್ಧ ಶತಮಾನ ಕಳೆದರೂ ಈ ನಿಯಮದ ಉಪಯೋಗ ಕುಗ್ಗಿಲ್ಲ.

ಪದಗಳ ಸಂಬಂಧವನ್ನು ಕೋಟಿಗಟ್ಟಲೆ ವಾಕ್ಯಗಳಿಂದ ತಾನಾಗಿ ಕಲಿಯುವ ಕ್ರಮ 2013ರಲ್ಲಿ ‘ವರ್ಡ್‌ಟುವೆಕ್’ ಬಂದ ಮೇಲೆ ಮನೆಮಾತಾಯಿತು. ಒಂದೇ ಬಗೆಯ ನೆರೆಹೊರೆಯಲ್ಲಿ ಬರುವ ಪದಗಳು ಹತ್ತಿರದವು ಎಂಬುದು ಅದರ ಆಧಾರ. ಹಾಗಾಗಿ ‘ಬಿಸಿ’ಯ ಹತ್ತಿರ ‘ತಣ್ಣಗೆ’, ‘ಅಡಿಕೆ’ಯ ಹತ್ತಿರ ‘ತೆಂಗು’ ಬರುವುದು ಅದರ ಸ್ವಭಾವ. ಸಂಬಂಧ ನಿಜ, ಆದರೆ ತೆಂಗಿನ ಬರಹ ಅಡಿಕೆಯವರಿಗೆ ಬೇಡ. 2022ರ ಒಂದು ವಿಧಾನದಲ್ಲಿ ದೊಡ್ಡ ಭಾಷಾ ಮಾದರಿಯಿಂದ ಮೊದಲು ಒಂದು ಕಾಲ್ಪನಿಕ ಉತ್ತರವನ್ನು ಬರೆಸಿ, ಅದಕ್ಕೆ ಹೋಲುವ ನಿಜವಾದ ಬರಹಗಳನ್ನು ಹುಡುಕುತ್ತಾರೆ. ಉತ್ತರದಲ್ಲಿ ತಪ್ಪಿದ್ದರೂ ಅದರ ಪದಗಳು ದಾರಿ ತೋರಿಸುತ್ತವೆ ಎಂಬುದು ವಾದ. ಮಾದರಿ ಆ ವಿಷಯದ ಬರಹವನ್ನು ಸಾಕಷ್ಟು ಓದಿದ್ದರೆ ಈ ವಾದ ನಿಲ್ಲುತ್ತದೆ. ಕೊಟ್ಟೆ ಕಟ್ಟುವುದರ ಬಗ್ಗೆ ಹೆಚ್ಚು ಓದಿರದ ಮಾದರಿ ಇಂಥ ಪದವನ್ನು ತರುವ ಸಂಭವ ಕಡಿಮೆ; ಬೇರೆ ಬೆಳೆಯ ಮಾತನ್ನು ಅಡಿಕೆಗೆ ಅಂಟಿಸುವ ಅಪಾಯ ಹೆಚ್ಚು. ಕನ್ನಡದ ಆಡುಮಾತು, ಕಸುಬಿನ ಪದಗಳು ಯಂತ್ರ ಓದಬಲ್ಲ ರೂಪದಲ್ಲಿ ಹೆಚ್ಚು ಹೆಚ್ಚು ಸೇರುವುದೊಂದೇ ಇದಕ್ಕೆ ಪರಿಹಾರ.

ಯಾವುದೇ ವಿಧಾನ ಒಳ್ಳೆಯದೋ ಅಲ್ಲವೋ ಎಂಬುದು ಅಳೆದು ನೋಡಿದರೇ ಗೊತ್ತಾಗುವುದು. ಗೊತ್ತುಪಡಿಸಿದ ದಾಖಲೆಗಳು, ಪ್ರಶ್ನೆಗಳು, ಮನುಷ್ಯರು ಹಾಕಿದ ಬೇಕು-ಬೇಡಗಳ ಗುರುತು, ಈ ಮೂರನ್ನೂ ಸಿದ್ಧಮಾಡಿ ಪರೀಕ್ಷಿಸುವ ಕ್ರಮ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ನಡೆಸಿದ ಪ್ರಯೋಗಗಳಿಂದ ಬಂತು. ಇಂಥ ಪರೀಕ್ಷೆಗಳನ್ನು ನಡೆಸುವ ವೇದಿಕೆಗಳಾದ ಅಮೆರಿಕದ ‘ಟ್ರೆಕ್’ 1992ರಿಂದ, ಭಾರತದ ‘ಫೈರ್’ 2008ರಿಂದ ಇದೇ ಹಾದಿಯಲ್ಲಿವೆ. ಸರಾಸರಿ ಅಂಕ ಏರಿದಾಗಲೂ ಒಂದೊಂದೇ ಪ್ರಶ್ನೆಯನ್ನು ಬಿಡಿಸಿ ನೋಡಬೇಕು. ವಿಸ್ತರಣೆಯಿಂದ ಹಲವು ಪ್ರಶ್ನೆಗಳು ಸುಧಾರಿಸಿದರೂ ಕೆಲವು ಮೊದಲಿಗಿಂತ ಕೆಡುತ್ತವೆ, ಸರಾಸರಿ ಅದನ್ನು ಮುಚ್ಚಿಡುತ್ತದೆ.

ವಿಸ್ತರಣೆಯೇ ಬೇಡದ ಹುಡುಕಾಟಗಳೂ ಇವೆ. ಜಮೀನಿನ ಸರ್ವೆ ನಂಬರು, ಸರ್ಕಾರಿ ಆದೇಶದ ಸಂಖ್ಯೆ, ವ್ಯಕ್ತಿಯ ಹೆಸರು, ಪುಸ್ತಕದ ಶೀರ್ಷಿಕೆಗಳನ್ನು ಕೇಳಿದವರಿಗೆ ಕೇಳಿದ್ದೇ ಬೇಕು. ಅಂಥಲ್ಲಿ ಉದ್ಧರಣ ಚಿಹ್ನೆಯೊಳಗೆ ಇಟ್ಟು ಕೇಳುವುದು ರೂಢಿ. ಉಳಿದ ಕಡೆ ಹುಡುಕುವವರೇ ಮಾಡಬಹುದಾದ ವಿಸ್ತರಣೆಯೊಂದನ್ನು ಗ್ರಂಥಪಾಲಕರು ಕಲಿಸುತ್ತಾರೆ. ಸಿಕ್ಕ ಬರಹಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದ ಒಂದನ್ನು ಆರಿಸಿ, ಅದನ್ನು ಬರೆದವರು ಬಳಸಿದ ಪದಗಳನ್ನು ಗುರುತು ಮಾಡಿಕೊಂಡು, ಅವುಗಳಿಂದ ಮತ್ತೆ ಹುಡುಕುವುದು. ಅಡಿಕೆ ಬೆಳೆಗಾರರಿಗೆ ಸಿಕ್ಕ ಮೊದಲ ಒಳ್ಳೆಯ ಲೇಖನದಲ್ಲಿ ‘ಮಹಾಳಿ’ ಎಂಬ ಪದ ಕಂಡರೆ, ಎರಡನೆಯ ಹುಡುಕಾಟ ಅದರಿಂದಲೇ ಶುರುವಾಗಬಹುದು.